ಸಂಧಿಗೆ ಹೊಣೆ ನಿಂತ ಮಹಾದಜಿ ಶಿಂದೆ

ಯುದ್ಧದಲ್ಲಿ ಜಯ ಗಳಿಸಿದವರ ಹೆಸರನ್ನು ಜನರು ಬಹುಕಾಲ ನೆನೆಯುತ್ತಾರೆ. ಯುದ್ಧವನ್ನು ನಿಲ್ಲಿಸಿದವರನ್ನು ನೆನೆಯುವವರು ವಿರಳ. ರಣರಂಗದ ಜಯವು ಒಂದೇ ಹಗಲಿನಲ್ಲಿ ಕೈಗೂಡಬಹುದು. ಆದರೆ ಗೆದ್ದ ನೆಲದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹಿಂದಿರುಗಿಸಬೇಕು, ಬರೆದುಕೊಟ್ಟ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆಗಳು ಬಗೆಹರಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕಾಗುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಮರಾಠರಿಗೂ ಇಂಗ್ಲಿಷರಿಗೂ ನಡೆದ ಮೊದಲನೆಯ ಯುದ್ಧದಲ್ಲಿ ಇಂತಹ ಪ್ರಶ್ನೆಗಳು ನಾಲ್ಕು ಬಾರಿ ಎದುರಾದವು. ಸೂರತ್ತಿನಲ್ಲಿ ಮೊಳೆತ ಆ ಯುದ್ಧದ ಜ್ವಾಲೆ ವಡೋದರ, ಅಹಮದಾಬಾದು ನಗರಗಳನ್ನು ಆವರಿಸಿತು. ಅದರ ಕಿಡಿಗಳು ನಮ್ಮ ಕನ್ನಡ ನಾಡಿನ ಅರಸನಾದ ಹೈದರ್ ಅಲಿಯವರೆಗೂ ಹಾರಿದವು. ಕಡೆಗೆ ಆ ಯುದ್ಧವನ್ನು ಕೊನೆಗಾಣಿಸಿ, ಎರಡು ಪಕ್ಷಗಳ ಮಾತಿಗೂ ತಾನೊಬ್ಬನೇ ಹೊಣೆಯಾಗಿ ನಿಂತವನು ಮಹಾದಜಿ ಶಿಂದೆ. ಅವನ ಜೀವನ ವೃತ್ತಾಂತವನ್ನು ವಿದ್ಯಾರ್ಥಿ ಮಿತ್ರರ ಮುಂದೆ ಸಂಗ್ರಹವಾಗಿ ಇರಿಸುವುದೇ ಈ ಲೇಖನದ ಉದ್ದೇಶ.

ಮಹಾದಜಿಯು ಸುಮಾರು 1730ರಲ್ಲಿ ಜನಿಸಿದನು. ಅವನ ತಂದೆ ರಾಣೋಜಿ ಶಿಂದೆಯು ಸಾತಾರಾ ಪ್ರಾಂತದ ಕಣ್ಹೇರಖೇಡ ಎಂಬ ಗ್ರಾಮದ ಪಾಟೀಲ ಮನೆತನಕ್ಕೆ ಸೇರಿದವನು. ಮೊದಲನೆಯ ಬಾಜೀರಾವ್ ಪೇಶ್ವೆಯ ಪಾದರಕ್ಷೆಗಳನ್ನು ಕಾಯುವ ಊಳಿಗದಿಂದ ಆರಂಭಿಸಿ ತನ್ನ ನಿಷ್ಠೆಯಿಂದಲೂ ಪರಾಕ್ರಮದಿಂದಲೂ ಮಾಳವ ಪ್ರಾಂತದ ದೊಡ್ಡ ಸರದಾರನಾದನೆಂದು ಪ್ರತೀತಿ. ರಾಣೋಜಿಯ ಐವರು ಮಕ್ಕಳಲ್ಲಿ ಮಹಾದಜಿಯೇ ಕಿರಿಯವನು. ಅಣ್ಣಂದಿರಲ್ಲಿ ಜಯಾಪ್ಪನು 1755ರಲ್ಲಿ ನಾಗೌರದಲ್ಲಿ ಕೊಲೆಯಾದನು. ದತ್ತಾಜಿಯು 1760ರ ಜನವರಿಯಲ್ಲಿ ದಿಲ್ಲಿಯ ಸಮೀಪ ಯಮುನೆಯ ತೀರದ ಕಾಳಗದಲ್ಲಿ ಮಡಿದನು. ಮರುವರ್ಷದ ಜನವರಿ 14ರಂದು ನಡೆದ ಪಾಣಿಪತ್ತಿನ ಮಹಾಯುದ್ಧವಂತೂ ಆ ಮನೆತನವನ್ನು ಬಹುಮಟ್ಟಿಗೆ ಬರಿದು ಮಾಡಿತು.

ಪಾಣಿಪತ್ತಿನಿಂದ ಹಿಮ್ಮೆಟ್ಟುತ್ತಿದ್ದ ಮಹಾದಜಿಯನ್ನು ಅಫಘಾನ ಸವಾರನೊಬ್ಬನು ಬಹುದೂರ ಬೆನ್ನಟ್ಟಿ ಬಂದು, ಕೊಡಲಿಯಿಂದ ಮೊಣಕಾಲಿಗೆ ಹೊಡೆದು, ಮೈಮೇಲಿನ ಒಡವೆಗಳನ್ನು ಕಿತ್ತುಕೊಂಡು ಹೋದನು. ರಕ್ತ ಸುರಿಯುತ್ತ ಹಳ್ಳದಲ್ಲಿ ಬಿದ್ದಿದ್ದ ಅವನನ್ನು ಆ ದಾರಿಯಾಗಿ ಬಂದ ರಾಣೇಖಾನನೆಂಬ ನೀರು ಹೊರುವವನು ಕಂಡು, ತನ್ನ ಎತ್ತಿನ ಮೇಲೆ ಹೇರಿಕೊಂಡು ದಕ್ಷಿಣಕ್ಕೆ ತಲಪಿಸಿದನು. ಮಹಾದಜಿಯ ಕಾಲು ಶಾಶ್ವತವಾಗಿ ಕುಂಟಾಯಿತು. ಆದರೆ ಉಪಕಾರದ ಸ್ಮರಣೆ ಅವನಲ್ಲಿ ಕುಂದಲಿಲ್ಲ. ಆ ಬಡವನನ್ನು ಅವನು ಸಹೋದರನೆಂದು ಕರೆದು, ಮುಂದೆ ತನ್ನ ಸೈನ್ಯದ ನಾಯಕರಲ್ಲೊಬ್ಬನನ್ನಾಗಿ ಮಾಡಿಕೊಂಡನು. ಸೋಲಿನ ಕಹಿಯನ್ನು ಯೌವನದಲ್ಲಿಯೇ ಉಂಡಿದ್ದುದರಿಂದಲೋ ಏನೋ, ಗೆಲುವು ಬಂದಾಗ ಅಳತೆ ಮೀರಿ ಆಶಿಸಬಾರದೆಂಬ ವಿವೇಕವು ಅವನಿಗೆ ಕ್ರಮೇಣ ಒದಗಿತು. ಹಲವು ವರ್ಷಗಳ ಮನೆಜಗಳದ ತರುವಾಯ ಪೇಶ್ವೆ ಮಾಧವರಾಯನು ಅವನನ್ನೇ ಶಿಂದೆ ಮನೆತನದ ಯಜಮಾನನೆಂದು ಒಪ್ಪಿಕೊಂಡನು.

1772ರಲ್ಲಿ ಮಾಧವರಾಯನು ಅಕಾಲದಲ್ಲಿ ತೀರಿಕೊಂಡನು. ಅವನ ತಮ್ಮನಾದ ನಾರಾಯಣರಾಯನು 1773ರ ಆಗಸ್ಟಿನಲ್ಲಿ ಪುಣೆಯ ಅರಮನೆಯಲ್ಲಿಯೇ ಕೊಲೆಗೀಡಾದನು. ಚಿಕ್ಕಪ್ಪನಾದ ರಘುನಾಥರಾಯನು ಪೇಶ್ವೆಯ ಗಾದಿಯನ್ನೇರಿದನಾದರೂ ಕೊಲೆಯ ಕಳಂಕ ಅವನನ್ನು ಬಿಡಲಿಲ್ಲ. 1774ರ ಏಪ್ರಿಲಿನಲ್ಲಿ ನಾರಾಯಣರಾಯನ ಪತ್ನಿಯು ಗಂಡುಮಗುವನ್ನು ಹೆತ್ತಳು. ನಾನಾ ಫಡನವೀಸನೇ ಮೊದಲಾದ ಮಂತ್ರಿಗಳು ಆ ಶಿಶುವನ್ನು ಸವಾಯಿ ಮಾಧವರಾಯನೆಂಬ ಹೆಸರಿನಿಂದ ಪೇಶ್ವೆಯೆಂದು ಸಾರಿದರು. ಅಧಿಕಾರ ಕಳೆದುಕೊಂಡ ರಘುನಾಥರಾಯನು ಗುಜರಾತಿಗೆ ಓಡಿಬಂದು ಇಂಗ್ಲಿಷರ ಮರೆಹೊಕ್ಕನು. ಸೂರತ್ತಿನ ಕೋಟೆ 1759ರಿಂದಲೂ, ಭರೂಚ 1772ರಿಂದಲೂ ಇಂಗ್ಲಿಷರ ವಶದಲ್ಲಿದ್ದವು.

1775ರ ಮಾರ್ಚಿಯಲ್ಲಿ ಸೂರತ್ತಿನ ಒಪ್ಪಂದವಾಯಿತು. ಮುಂಬಯಿಯ ಇಂಗ್ಲಿಷರು ರಘುನಾಥರಾಯನಿಗೆ ಸೈನ್ಯವನ್ನು ಒದಗಿಸತಕ್ಕುದು. ಅವನು ಸಾಷ್ಟಿ ಮತ್ತು ವಸಯಿಗಳನ್ನು ಅವರಿಗೆ ಬಿಟ್ಟುಕೊಟ್ಟು, ಸೂರತ್, ಭರೂಚಗಳ ಕಂದಾಯದಲ್ಲಿಯೂ ಪಾಲನ್ನು ಕೊಡತಕ್ಕುದು. ತನ್ನ ಕೈಯಲ್ಲಿಲ್ಲದ ನೆಲವನ್ನು ಒಬ್ಬನು ಕೊಟ್ಟನು. ಕೊಡುವ ಅಧಿಕಾರ ಅವನಿಗುಂಟೇ ಎಂದು ಕೇಳದೆ ಇನ್ನೊಬ್ಬರು ಪಡೆದರು. ಅದೇ ವರ್ಷದ ಮೇ ತಿಂಗಳಲ್ಲಿ ಆಣಂದದ ಹತ್ತಿರದ ಅಡಾಸದಲ್ಲಿ ಉಭಯ ಸೈನ್ಯಗಳೂ ಹೋರಾಡಿದವು. ಇಂಗ್ಲಿಷರಿಗೆ ಜಯ ದೊರೆತರೂ ಅವರ ಕಡೆ ಅನೇಕರು ಮಡಿದರು.

ಮುಂಬಯಿಯವರು ತಮ್ಮನ್ನು ಕೇಳದೆ ಯುದ್ಧ ಹೂಡಿದರೆಂದು ಕಲಕತ್ತೆಯ ಇಂಗ್ಲಿಷ್ ಸಭೆಯು ಮುನಿದು, ಕರ್ನಲ್ ಅಪ್ಟನ್ ಎಂಬುವನನ್ನು ನೇರವಾಗಿ ಪುಣೆಯ ಮಂತ್ರಿಗಳ ಬಳಿಗೆ ಕಳುಹಿಸಿತು. 1776ರ ಮಾರ್ಚಿ 1ರಂದು ಪುರಂದರದ ಒಪ್ಪಂದವಾಯಿತು. ಇದರಂತೆ ಸಾಷ್ಟಿಯು ಇಂಗ್ಲಿಷರಲ್ಲಿಯೇ ಉಳಿಯಬೇಕು. ಯುದ್ಧದ ವೆಚ್ಚಕ್ಕಾಗಿ ಮರಾಠರು 12 ಲಕ್ಷ ರೂಪಾಯಿಗಳನ್ನು ಕೊಡಬೇಕು. ಇಂಗ್ಲಿಷರು ರಘುನಾಥರಾಯನ ಪಕ್ಷವನ್ನು ಬಿಡಬೇಕು. ಕಾಗದದ ಮೇಲೆ ಇದು ಸಂಧಿಯೇ. ಆದರೆ ಅದನ್ನು ನಡೆಸಬೇಕಾಗಿದ್ದ ಮುಂಬಯಿಯವರಿಗೆ ಮನಸ್ಸಿರಲಿಲ್ಲ. ಅವರು ರಘುನಾಥರಾಯನಿಗೆ ಮೊದಲಿನಂತೆ ಆಶ್ರಯ ಕೊಟ್ಟರು. ಲಂಡನ್ನಿನ ಕಂಪನಿಯ ನಿರ್ದೇಶಕರೂ ಸೂರತ್ತಿನ ಒಪ್ಪಂದವನ್ನೇ ಮೆಚ್ಚಿ ಬರೆದರು. ಒಂದೇ ರಾಷ್ಟ್ರದವರು ಮೂರು ಬಾಯಿಗಳಿಂದ ಮೂರು ಮಾತನಾಡುವಾಗ ಎದುರಾಳಿಯು ಯಾವುದನ್ನು ನಂಬಬೇಕು? ಹೀಗೆ ಎರಡನೆಯ ಸಂಧಿಯೂ ಮುರಿಯಿತು.

1778ರ ನವಂಬರಿನಲ್ಲಿ ಸುಮಾರು 4,000 ಸೈನಿಕರ ಇಂಗ್ಲಿಷ್ ಪಡೆಯೊಂದು ರಘುನಾಥರಾಯನನ್ನು ಗಾದಿಯಲ್ಲಿ ಕೂರಿಸಲು ಮುಂಬಯಿಯಿಂದ ಪುಣೆಯತ್ತ ಹೊರಟಿತು. ಅದರ ಸರಂಜಾಮು ಸಾಗಿಸಲು 19,000 ಎತ್ತುಗಳಿದ್ದವಂತೆ! ಘಟ್ಟವನ್ನೇರಿ ಆ ಸೇನೆ ಆಮೆಯ ನಡಿಗೆಯಲ್ಲಿ ಸಾಗಿತು. ಮಹಾದಜಿಯೂ ನಾನಾ ಫಡನವೀಸನೂ ಎದುರಿನ ಊರುಗಳನ್ನು ಬರಿದು ಮಾಡಿಸಿ, ಮೇವು ಕಾಳುಗಳನ್ನು ಸುಡಿಸಿದರು. 1779ರ ಜನವರಿಯಲ್ಲಿ ತಳೇಗಾಂವಕ್ಕೆ ಬಂದ ಇಂಗ್ಲಿಷರು ಅಲ್ಲಿ ಬೂದಿಯನ್ನಲ್ಲದೆ ಬೇರೇನನ್ನೂ ಕಾಣಲಿಲ್ಲ. ದೊಡ್ಡ ಫಿರಂಗಿಗಳನ್ನು ಕೆರೆಗೆ ನೂಕಿ ರಾತ್ರೋರಾತ್ರಿ ಹಿಂದಿರುಗಿದ ಅವರನ್ನು ಮರಾಠರು ವಡಗಾಂವ ಗ್ರಾಮದಲ್ಲಿ ಸುತ್ತುಗಟ್ಟಿದರು.

ಇದು ಮರಾಠರ ಪೂರ್ಣ ವಿಜಯ. ಸೋತವರು ಸಂಧಾನಕ್ಕೆ ಮಹಾದಜಿಯ ಡೇರೆಯನ್ನೇ ಅರಸಿಕೊಂಡು ಬಂದರು. 1773ರಿಂದೀಚೆಗೆ ಗೆದ್ದ ನೆಲವನ್ನೆಲ್ಲ ಹಿಂದಿರುಗಿಸುವುದಾಗಿಯೂ, ಬಂಗಾಳದಿಂದ ಬರುತ್ತಿದ್ದ ಸೈನ್ಯವನ್ನು ತಡೆಯುವುದಾಗಿಯೂ, ಭರೂಚದ ಕಂದಾಯದಲ್ಲಿ ಶಿಂದೆಗೆ ಪಾಲು ಕೊಡುವುದಾಗಿಯೂ ಅವರು ಬರೆದುಕೊಟ್ಟರು. ಫಾರ್ಮರ್, ಸ್ಟೂವರ್ಟ್ ಎಂಬ ಇಬ್ಬರು ಇಂಗ್ಲಿಷರು ಒತ್ತೆಯಾಳುಗಳಾಗಿ ಉಳಿದರು. ಹಸಿದು ದಣಿದ ಉಳಿದ ಸೈನಿಕರನ್ನು ಮಹಾದಜಿಯು ಕೊಲ್ಲಲಿಲ್ಲ, ಸೆರೆಯಲ್ಲಿಡಲಿಲ್ಲ. ಮುಂಬಯಿಗೆ ಹೋಗಲು ದಾರಿ ಬಿಟ್ಟನು.

ಆದರೆ ಈ ಮೂರನೆಯ ಸಂಧಿಯೂ ನಿಲ್ಲಲಿಲ್ಲ. ಸಹಿ ಹಾಕಿದ ಅಧಿಕಾರಿಗಳಿಗೆ ಅಂತಹ ಕರಾರು ಮಾಡುವ ಹಕ್ಕಿಲ್ಲವೆಂದು ಮುಂಬಯಿಯವರೂ, ಕಲಕತ್ತೆಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನೂ ಅದನ್ನು ತಳ್ಳಿಹಾಕಿದರು. ತಡೆಯಬೇಕಾಗಿದ್ದ ಬಂಗಾಳದ ಸೈನ್ಯವು ಗೊಡಾರ್ಡನೆಂಬ ಸೇನಾನಿಯ ಕೈಕೆಳಗೆ ಫೆಬ್ರವರಿಯಲ್ಲಿಯೇ ಸೂರತ್ತನ್ನು ಸೇರಿತು. ಮರಾಠರ ಕಾವಲಿನಿಂದ ತಪ್ಪಿಸಿಕೊಂಡ ರಘುನಾಥರಾಯನೂ ಅಲ್ಲಿಗೇ ಹೋದನು. ಕೊರಳಿಗೆ ಕತ್ತಿ ಹಿಡಿದು ಬರೆಸಿಕೊಂಡ ಪತ್ರವು ಆ ಕತ್ತಿ ಕೊರಳ ಮೇಲಿರುವವರೆಗೆ ಮಾತ್ರ ನಡೆಯುವುದೆಂಬ ಸತ್ಯವು ವಿಜಯಿಯಾದ ಮಹಾದಜಿಗೆ ಆಗ ತಿಳಿಯಿತು.

1780ರ ಆರಂಭದಲ್ಲಿ ಯುದ್ಧವು ಗುಜರಾತಿನ ಬಯಲಿಗೆ ಹರಡಿತು. ಗೊಡಾರ್ಡನು ಡಭೋಈಯನ್ನು ಹಿಡಿದನು. ವಡೋದರದ ಒಡೆಯನಾದ ಫತೇಸಿಂಗ್ ಗಾಯಕವಾಡನು ಅವನೊಡನೆ ಕರಾರು ಮಾಡಿಕೊಂಡನು. ಗುಜರಾತಿನಲ್ಲಿ ಪೇಶ್ವೆಗೆ ಸಲ್ಲುತ್ತಿದ್ದ ಪಾಲನ್ನು ಅವರಿಬ್ಬರೂ ತಮ್ಮೊಳಗೆ ಹಂಚಿಕೊಂಡರು. ಫೆಬ್ರವರಿ 15ರಂದು ಇಂಗ್ಲಿಷರು ಅಹಮದಾಬಾದಿನ ಕೋಟೆಗೋಡೆಯನ್ನು ಒಡೆದು ನಗರವನ್ನು ವಶಪಡಿಸಿಕೊಂಡು, ಅದನ್ನು ಫತೇಸಿಂಗನಿಗೆ ಒಪ್ಪಿಸಿದರು. ಮಹಾದಜಿಯೂ ತುಕೋಜಿ ಹೋಳ್ಕರನೂ ಸೈನ್ಯಸಮೇತ ಗುಜರಾತಿಗೆ ಬಂದರು. ವಡೋದರದ ಸಮೀಪ ಬೀಡುಬಿಟ್ಟಿದ್ದಾಗ ಮಹಾದಜಿಯು ತನ್ನಲ್ಲಿದ್ದ ಇಬ್ಬರು ಒತ್ತೆಯಾಳುಗಳನ್ನೂ ಸತ್ಕರಿಸಿ, ಗೊಡಾರ್ಡನ ಪಾಳೆಯಕ್ಕೆ ಕಳುಹಿಸಿಬಿಟ್ಟನು. ಮಾತುಕತೆಗೆ ಬಾಗಿಲು ತೆರೆಯುವುದೇ ಅವನ ಇಂಗಿತವಾಗಿದ್ದಿತು. ಗೊಡಾರ್ಡನು ಇದನ್ನು ಕಾಲಹರಣದ ಉಪಾಯವೆಂದೆಣಿಸಿ ಏಪ್ರಿಲಿನಲ್ಲಿ ಅವನ ಪಾಳೆಯದ ಮೇಲೆ ಬಿದ್ದನು. ಬಾಗಿಲು ಆಗ ತೆರೆಯಲಿಲ್ಲ. ಆದರೆ ಆ ನಡತೆಯನ್ನು ಇಂಗ್ಲಿಷರು ಮರೆಯಲಿಲ್ಲವೆಂಬುದು ಎರಡು ವರ್ಷಗಳ ಮೇಲೆ ಕಂಡುಬಂದಿತು.

ಇಷ್ಟರಲ್ಲಿ ನಾನಾ ಫಡನವೀಸನು ದೊಡ್ಡದೊಂದು ಕೂಟವನ್ನು ಕಟ್ಟಿದ್ದನು. ಮರಾಠರಿಗೂ ಮೈಸೂರಿನ ಹೈದರ್ ಅಲಿಗೂ ಬಹುಕಾಲದ ವೈರ. ಅದನ್ನು ಬದಿಗಿರಿಸಿ ಇಬ್ಬರೂ 1780ರಲ್ಲಿ ಕೈಜೋಡಿಸಿದರು. ನಿಜಾಮನೂ ನಾಗಪುರದ ಭೋಸಲೆಯೂ ಕೂಟಕ್ಕೆ ಸೇರಿದರೂ ಅದರ ಭಾರವನ್ನು ಹೆಚ್ಚಾಗಿ ಹೊತ್ತವನು ಹೈದರನೇ. ಅದೇ ಜುಲೈ ತಿಂಗಳಲ್ಲಿ ಅವನು ಘಟ್ಟವನ್ನಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು. ಸೆಪ್ಟಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಬೇಯ್ಲಿಯ ಸೈನ್ಯವನ್ನು ನಿರ್ಮೂಲ ಮಾಡಿದನು. ಬಳಿಕ ಆರ್ಕಾಟನ್ನೂ ಹಿಡಿದನು. ಮದರಾಸಿನ ಇಂಗ್ಲಿಷರು ನಡುಗಿಹೋದರು.

ಮಹಾದಜಿಗಾದರೋ ಅದೇ ಕಾಲದಲ್ಲಿ ವಿಪತ್ತು ಒದಗಿತು. 1780ರ ಆಗಸ್ಟಿನ ಒಂದು ರಾತ್ರಿ ಕ್ಯಾಪ್ಟನ್ ಪಾಪ್ಹ್ಯಾಮನ ಸೈನಿಕರು ಏಣಿಗಳನ್ನಿಟ್ಟು ಗ್ವಾಲಿಯರಿನ ದುರ್ಗವನ್ನೇರಿ ಹಿಡಿದರು. ಅಜೇಯವೆಂದು ಹೆಸರಾಗಿದ್ದ ದುರ್ಗವದು. ಸ್ವಂತ ಸೀಮೆಯನ್ನು ಕಾಯಲು ಅವನು ಗುಜರಾತನ್ನು ಬಿಟ್ಟು ಮಾಳವಕ್ಕೆ ಧಾವಿಸಿದನು. 1781ರ ಮೊದಲಲ್ಲಿ ಸಿಪ್ರಿಯ ಹತ್ತಿರ ಅವನ ಪಾಳೆಯದ ಮೇಲೆ ಇಂಗ್ಲಿಷರು ಇರುಳಿನಲ್ಲಿ ಎರಗಿ ಬಹಳ ನಷ್ಟಪಡಿಸಿದರು. ಪುಣೆಯ ಕಡೆ ಮಾತ್ರ ಪರಿಸ್ಥಿತಿ ಬೇರೆಯಾಗಿದ್ದಿತು. ವಸಯಿಯನ್ನು ಗೆದ್ದು ಬೋರಘಾಟದವರೆಗೆ ಬಂದಿದ್ದ ಗೊಡಾರ್ಡನು ಮರಾಠರ ಕಾಟವನ್ನು ತಾಳಲಾರದೆ 1781ರ ಏಪ್ರಿಲಿನಲ್ಲಿ ಹಾನಿಯನ್ನನುಭವಿಸಿ ಹಿಂದಿರುಗಿದನು. ಹೇಸ್ಟಿಂಗ್ಸನ ಬೊಕ್ಕಸ ಬರಿದಾಗಿದ್ದಿತು. ಎರಡು ಪಕ್ಷಗಳೂ ಗೆದ್ದಿದ್ದವು, ಎರಡೂ ಸೋತಿದ್ದವು, ಎರಡೂ ಬಳಲಿದ್ದವು.

ಇಂತಹ ಸಮಯವನ್ನು ಗುರುತಿಸುವುದೇ ರಾಜನೀತಿಜ್ಞನ ಕುಶಲತೆ. 1781ರ ಅಕ್ಟೋಬರಿನಲ್ಲಿ ಮಹಾದಜಿಯು ಕರ್ನಲ್ ಮ್ಯೂರನೊಡನೆ ಕರಾರು ಮಾಡಿಕೊಂಡನು. ಇಂಗ್ಲಿಷ್ ಸೈನ್ಯವು ಯಮುನೆಯಾಚೆಗೆ ಸರಿಯಬೇಕು. ತಾನು ಉಜ್ಜಯಿನಿಗೆ ಹಿಂದಿರುಗಿ, ಪೇಶ್ವೆಯ ಸರಕಾರಕ್ಕೂ ಇಂಗ್ಲಿಷರಿಗೂ ಸಂಧಿಯನ್ನು ಕುದುರಿಸಲು ಯತ್ನಿಸಬೇಕು. ಹೇಸ್ಟಿಂಗ್ಸನು ಡೇವಿಡ್ ಆಂಡರ್ಸನನೆಂಬುವನನ್ನು ಪೂರ್ಣ ಅಧಿಕಾರ ಕೊಟ್ಟು ಮಹಾದಜಿಯ ಬಳಿಗೆ ಕಳುಹಿಸಿದನು. ಹಿಂದಿನ ಸಂಧಿಗಳಲ್ಲಿದ್ದ ಮುಖ್ಯ ದೋಷವೊಂದು ಹೀಗೆ ನೀಗಿತು. ಈ ಸಲ ಇಂಗ್ಲಿಷರ ಪರವಾಗಿ ಮಾತನಾಡುವವನು ಒಬ್ಬನೇ. ಅವನ ಮಾತಿಗೆ ಕಲಕತ್ತೆಯ ಬೆಂಬಲವಿದ್ದಿತು. ಪುಣೆಯಲ್ಲಿದ್ದ ನಾನಾನ ಒಪ್ಪಿಗೆಯನ್ನು ಪಡೆಯುವ ಹೊರೆ ಮಹಾದಜಿಯ ಮೇಲೆ ಬಿದ್ದಿತು.

1782ರ ಮೇ 17ರಂದು ಗ್ವಾಲಿಯರಿನ ಸಮೀಪದ ಸಾಲಬಾಯಿ ಎಂಬ ಗ್ರಾಮದಲ್ಲಿ 17 ಕಲಮುಗಳ ಸಂಧಿಪತ್ರವು ಸಿದ್ಧವಾಯಿತು. ಪುರಂದರದ ಒಪ್ಪಂದದ ತರುವಾಯ ಇಂಗ್ಲಿಷರು ಗೆದ್ದುಕೊಂಡ ವಸಯಿ ಮೊದಲಾದ ಸ್ಥಳಗಳನ್ನು ಹಿಂದಿರುಗಿಸಬೇಕು; ಸಾಷ್ಟಿಯು ಮಾತ್ರ ಅವರಲ್ಲಿ ಉಳಿಯಬೇಕು. ಅಹಮದಾಬಾದಿನಲ್ಲಿ ಪೇಶ್ವೆಯ ಪಾಲು ಪೇಶ್ವೆಗೇ ಸೇರಬೇಕು. ಗಾಯಕವಾಡನ ಸೀಮೆಯು ಯುದ್ಧಕ್ಕೆ ಮುಂಚೆ ಇದ್ದಂತೆಯೇ ಇರಬೇಕು. ಯುದ್ಧಕಾಲದ ಹಿಂಬಾಕಿ ಕಪ್ಪಕ್ಕಾಗಿ ಅವನನ್ನು ಪೀಡಿಸಬಾರದು. ಇಂಗ್ಲಿಷರು ರಘುನಾಥರಾಯನ ಪಕ್ಷವನ್ನು ತ್ಯಜಿಸಬೇಕು. ಅವನಿಗೆ ಜೀವನಾರ್ಥವಾಗಿ ತಿಂಗಳಿಗೆ 25,000 ರೂಪಾಯಿಗಳು ಸಲ್ಲಬೇಕು. ಈ ಕರಾರುಗಳನ್ನು ಎರಡು ಕಡೆಯವರೂ ನಡೆಸುವಂತೆ ನೋಡಿಕೊಳ್ಳಲು ಮಹಾದಜಿಯೇ ಜಾಮೀನುದಾರ. ತಪ್ಪಿದವರನ್ನು ಸರಿದಾರಿಗೆ ತರುವ ಹೊಣೆ ಅವನದು. ವಡಗಾಂವದಲ್ಲಿ ಅವನು ತೋರಿದ ಔದಾರ್ಯಕ್ಕೆ ಪ್ರತಿಯಾಗಿ ಇಂಗ್ಲಿಷರು ಭರೂಚ ನಗರವನ್ನು ಅವನಿಗೆ ಒಪ್ಪಿಸಿದರು. ಮೂರು ವರ್ಷಗಳ ಹಿಂದೆ ಕತ್ತಿಯ ಬಲದಿಂದ ಭರೂಚದ ಕಂದಾಯದ ಪಾಲನ್ನು ಬರೆಸಿಕೊಂಡಿದ್ದಾಗ ಅದು ಅವನಿಗೆ ದಕ್ಕಿರಲಿಲ್ಲ. ಈಗ ಇಡೀ ನಗರವೇ ಕೈಸೇರಿತು.

ಆದರೆ ಕನ್ನಡಿಗರಾದ ನಾವು ಈ ಸಂಧಿಪತ್ರದ ಮತ್ತೊಂದು ಕಲಮನ್ನೂ ಓದಬೇಕು. ಹೈದರನು ಇಂಗ್ಲಿಷರಿಂದಲೂ ಆರ್ಕಾಟಿನ ನವಾಬನಿಂದಲೂ ಗೆದ್ದುಕೊಂಡ ನೆಲವನ್ನು ಆರು ತಿಂಗಳೊಳಗೆ ಹಿಂದಿರುಗಿಸುವಂತೆ ಪೇಶ್ವೆಯು ನೋಡಿಕೊಳ್ಳತಕ್ಕುದೆಂದು ಅದರಲ್ಲಿ ಬರೆದಿದ್ದಿತು. ಮರಾಠರ ಕರೆಗೆ ಓಗೊಟ್ಟು ಯುದ್ಧಕ್ಕಿಳಿದವನು ಹೈದರ್. ಅವನ ಹೊಡೆತದಿಂದ ಇಂಗ್ಲಿಷರು ತತ್ತರಿಸಿದುದೇ ಸಂಧಾನಕ್ಕೆ ಒಂದು ಮುಖ್ಯ ಕಾರಣ. ಆದರೂ ಸಾಲಬಾಯಿಯ ಡೇರೆಯಲ್ಲಿ ಅವನ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. ಅಲ್ಲಿದ್ದವರು ತಮ್ಮ ತಮ್ಮ ನಷ್ಟವನ್ನು ತಗ್ಗಿಸಿಕೊಂಡರು. ಅಲ್ಲಿಲ್ಲದವನ ತಲೆಗೆ ಬೆಲೆಯನ್ನು ಕಟ್ಟಿದರು. ಮಹಾದಜಿಯ ಕೀರ್ತಿಯನ್ನು ಹೇಳುವಾಗ ಇದನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹವಾದೀತು.

ನಾನಾ ಫಡನವೀಸನು ಈ ಪತ್ರಕ್ಕೆ ಮುದ್ರೆಯೊತ್ತಲು ಒಂಬತ್ತು ತಿಂಗಳು ತಡೆದನು. ಮಿತ್ರನ ಬಲವಿದ್ದರೆ ಇನ್ನೂ ಉತ್ತಮವಾದ ಕರಾರು ದೊರೆಯಬಹುದೆಂಬ ಲೆಕ್ಕಾಚಾರ ಅವನದಾಗಿದ್ದಿತು. ಆದರೆ 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ವ್ರಣರೋಗದಿಂದ ತೀರಿಕೊಂಡನು. ಆ ಸುದ್ದಿಯ ತರುವಾಯ 1783ರ ಫೆಬ್ರವರಿಯಲ್ಲಿ ಪುಣೆಯ ಒಪ್ಪಿಗೆ ಬಂದಿತು. ಹೈದರನ ಮಗ ಟಿಪ್ಪುವು ಆ ಕಲಮಿಗೆ ತಲೆಬಾಗಲಿಲ್ಲ. ಅವನು ತಾನೇ ಹೋರಾಡಿ, 1784ರ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಇಂಗ್ಲಿಷರೊಡನೆ ಬೇರೆಯಾಗಿಯೇ ಸಂಧಿ ಮಾಡಿಕೊಂಡನು. ಪುಣೆಗೂ ಶ್ರೀರಂಗಪಟ್ಟಣಕ್ಕೂ ನಡುವೆ ಉಂಟಾಗಿದ್ದ ಸ್ನೇಹವು ಮತ್ತೆ ಚಿಗುರಲಿಲ್ಲ.

ಸಾಲಬಾಯಿಯ ಬಳಿಕ ಮಹಾದಜಿಯ ನಕ್ಷತ್ರವು ಮೇಲೇರಿತು. 1783ರಲ್ಲಿ ಗ್ವಾಲಿಯರಿನ ದುರ್ಗವನ್ನು ಅವನು ಮರಳಿ ಪಡೆದನು. 1784ರಲ್ಲಿ ದಿಲ್ಲಿಯ ಬಾದಶಹ ಎರಡನೆಯ ಶಾಹ ಆಲಮನು ಪೇಶ್ವೆಗೆ ಸಾಮ್ರಾಜ್ಯದ ಸರ್ವಾಧಿಕಾರವನ್ನು ದಯಪಾಲಿಸಿ, ಅದನ್ನು ಮಹಾದಜಿಯು ಪ್ರತಿನಿಧಿಯಾಗಿ ನಡೆಸುವಂತೆ ಮಾಡಿದನು. 1788ರಲ್ಲಿ ಗುಲಾಮ್ ಕಾದಿರನೆಂಬ ಕ್ರೂರಿಯು ಆ ಮುದಿ ಬಾದಶಹನ ಕಣ್ಣುಗಳನ್ನು ಕೀಳಿಸಿದಾಗ, ಮಹಾದಜಿಯ ಸೈನ್ಯವೇ ದಿಲ್ಲಿಯನ್ನು ಬಿಡಿಸಿ ಅವನನ್ನು ಮತ್ತೆ ಗಾದಿಯಲ್ಲಿ ಕೂರಿಸಿತು. ಫ್ರಾನ್ಸಿನ ಸೇನೆಯಲ್ಲಿ ಹಿಂದೆ ದುಡಿದಿದ್ದ ದಿ ಬಾಯ್ನನಿಂದ ತರಬೇತಾದ ಅವನ ಪದಾತಿ ದಳಗಳು ಉತ್ತರ ಹಿಂದೂಸ್ಥಾನದಲ್ಲಿ ಎದುರಿಲ್ಲದವಾದವು.

1792ರಲ್ಲಿ ಅವನು ಪುಣೆಗೆ ಬಂದನು. ಬಾದಶಹನಿತ್ತ ಪದವಿಯ ಸನ್ನದು ವಸ್ತ್ರಗಳನ್ನು ತರುಣ ಪೇಶ್ವೆಗೆ ಒಪ್ಪಿಸುವ ದರಬಾರಿನಲ್ಲಿ ಅವನು ಎಲ್ಲರಿಗಿಂತ ಕೆಳಗೆ ಕುಳಿತು, ತಾನು ತಂದಿದ್ದ ಹೊಸ ಪಾದರಕ್ಷೆಗಳನ್ನು ಪೇಶ್ವೆಯ ಮುಂದಿಟ್ಟನು. ತಂದೆಯ ಊಳಿಗವನ್ನು ಮರೆತಿಲ್ಲವೆಂಬುದರ ಕುರುಹು ಅದು. ಅದರಲ್ಲಿ ವಿನಯವೆಷ್ಟು, ರಾಜನೀತಿಯೆಷ್ಟು ಎಂದು ಜನರು ಬಹುಕಾಲ ಚರ್ಚಿಸಿದರು. 1794ರ ಫೆಬ್ರವರಿ 12ರಂದು ಪುಣೆಯ ಸಮೀಪದ ವಾನವಡಿಯಲ್ಲಿ ಅವನು ಕಾಲವಾದನು. ಅವನ ಸಮಾಧಿಸ್ಥಾನವಾದ ಶಿಂದೆ ಛತ್ರಿಯನ್ನು ಇಂದಿಗೂ ಅಲ್ಲಿ ಕಾಣಬಹುದು.

ಮಹಾದಜಿಯು ಪುಣೆಗೆ ಬಂದ ವರ್ಷದಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಬೇರೊಂದು ಬಗೆಯ ಸಂಧಿ ನಡೆದಿದ್ದಿತು. ಇಂಗ್ಲಿಷರು, ಮರಾಠರು, ನಿಜಾಮ ಈ ಮೂವರು ವಿಜಯಿಗಳು ಸೋತ ಟಿಪ್ಪುವಿನ ಅರ್ಧ ರಾಜ್ಯವನ್ನು ಹಂಚಿಕೊಂಡು, 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನು ಹೇರಿ, ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಯ್ದರು. ಆ ಶಾಂತಿ ಏಳು ವರ್ಷಗಳಷ್ಟೇ ಬಾಳಿತು. 1799ರಲ್ಲಿ ಮತ್ತೆ ಯುದ್ಧವಾಗಿ ಟಿಪ್ಪುವು ಕೋಟೆಯಲ್ಲಿ ಮಡಿದನು. ನೂರಿಪ್ಪತ್ತು ವರ್ಷಗಳ ಮೇಲೆ, 1919ರಲ್ಲಿ, ಯುರೋಪಿನ ವಿಜಯೀ ರಾಷ್ಟ್ರಗಳು ವರ್ಸೇಲ್ಸಿನಲ್ಲಿ ಜರ್ಮನಿಯನ್ನು ಹೊರಗಿಟ್ಟು ಕರಾರುಗಳನ್ನು ಬರೆದು, ಅದರಿಂದ ಸಹಿ ಹಾಕಿಸಿಕೊಂಡವು. 1939ರಲ್ಲಿ ಜಗತ್ತು ಮತ್ತೆ ಹೊತ್ತಿ ಉರಿಯಿತು. ಸಾಲಬಾಯಿಯ ಸಂಧಿಯಾದರೋ ಮರಾಠರಿಗೂ ಇಂಗ್ಲಿಷರಿಗೂ ನಡುವೆ 20 ವರ್ಷಗಳ ಶಾಂತಿಯನ್ನು ತಂದಿತು. ಯಾರೂ ತಾವು ಗೆದ್ದುದನ್ನೆಲ್ಲ ಇಟ್ಟುಕೊಳ್ಳಲಿಲ್ಲ, ಯಾರೂ ಬರಿಗೈಯಲ್ಲಿ ಹೋಗಲಿಲ್ಲ, ಮಾತಿಗೆ ಹೊಣೆಗಾರನೊಬ್ಬನಿದ್ದನು.

ಆ ಹೊಣೆಗಾರನು ಹೋದ ಮೇಲೆ ಸಂಧಿಯೂ ಬಹುಕಾಲ ಉಳಿಯಲಿಲ್ಲ. 1802ರಲ್ಲಿ ಎರಡನೆಯ ಬಾಜೀರಾವ್ ಪೇಶ್ವೆಯು ವಸಯಿಯಲ್ಲಿ ಇಂಗ್ಲಿಷರ ರಕ್ಷಣೆಯನ್ನು ಬೇಡಿ ಸಹಿ ಹಾಕಿದನು. ಮರುವರ್ಷದ ಯುದ್ಧದಲ್ಲಿ ಭರೂಚವನ್ನು ಇಂಗ್ಲಿಷರು ಮತ್ತೆ ಹಿಡಿದರು.

ವಿದ್ಯಾರ್ಥಿ ಮಿತ್ರರೇ, ಸೂರತ್, ವಡೋದರ, ಅಹಮದಾಬಾದುಗಳ ಹಳೆಯ ಕೋಟೆ ಬಾಗಿಲುಗಳನ್ನು ಕಂಡಾಗ ಅಲ್ಲಿ ಹೋರಾಡಿದವರನ್ನು ನೆನೆಯುವುದು ಸಹಜ. ಜೊತೆಗೆ, ಕುಂಟುಗಾಲಿನ ಆ ಸರದಾರನು ತನ್ನ ಒತ್ತೆಯಾಳುಗಳನ್ನು ವೈರಿಯ ಪಾಳೆಯಕ್ಕೆ ಹಿಂದಿರುಗಿಸಿದುದನ್ನೂ ನೆನೆಯಿರಿ. ಆರ್ಕಾಟಿನ ಬಯಲಿನಲ್ಲಿ ಒಂಟಿಯಾಗಿ ಉಳಿದ ಹೈದರನನ್ನೂ ನೆನೆಯಿರಿ. ಮೊದಲನೆಯದು ಶಾಂತಿಯು ಹೇಗೆ ಹುಟ್ಟುವುದೆಂಬುದನ್ನು ತಿಳಿಸುತ್ತದೆ. ಎರಡನೆಯದು, ಜೊತೆಗಾರನನ್ನು ಹೊರಗಿಟ್ಟು ಕಟ್ಟಿದ ಶಾಂತಿಯು ಎಲ್ಲಿ ಬಿರುಕು ಬಿಡುವುದೆಂಬುದನ್ನು.